ಸ್ಟ್ಯಾನ್ಲಿ ಉಗಿ ಕಾರನ್ನು ಕೊಂದದ್ದು ಯಾರು?

ಹಳೇಗಾಡಿ:
ಹೋದ ವಾರ ಇಲ್ಲಿ ಇವಿ (ಬ್ಯಾಟರಿ ಕಾರು) ಚಾರ್ಜಿಂಗ್ ಬಗ್ಗೆ ಜಗಳ ನಡೀತಿದ್ದಾಗ ಯಾರೋ "ಅರ್ಧ ಗಂಟೆ ಕಾಯಿಸೋ ಕಾರನ್ನ ಯಾವನ್ರೀ ತಗೋತಾನೆ" ಅಂದಿದ್ರು. ಆಗಿಂದ ತಲೇಲಿ ಸ್ಟ್ಯಾನ್ಲಿ ಅನ್ನೋ ಹಳೇ ಉಗಿ ಕಾರು ಕೂತುಬಿಟ್ಟಿದೆ. ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಬೆಳಗ್ಗೆ ಎದ್ದು, ಕಾರಿಗೆ ಒಲೆ ಹೊತ್ತಿಸಿ, ಅರ್ಧ ಗಂಟೆ ಕಾದು, ಆಮೇಲೆ ಹತ್ತಿ ಕೂತು ಪೆಟ್ರೋಲ್ ಕಾರುಗಳನ್ನೆಲ್ಲ ಹಿಂದೆ ಹಾಕಿ ಹೋಗ್ತಿದ್ದ ಜನ ಇದ್ರು. ಅವರ ಕಥೆ ಕನ್ನಡದಲ್ಲಿ ಎಲ್ಲೂ ಓದಿದ ನೆನಪಿಲ್ಲ, ಅದಕ್ಕೇ ಈ ಥ್ರೆಡ್. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

1849ರಲ್ಲಿ ಮೇನ್ ರಾಜ್ಯದ ಕಿಂಗ್‌ಫೀಲ್ಡ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದ ಅವಳಿ ಅಣ್ಣತಮ್ಮಂದಿರು ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ ಮತ್ತು ಫ್ರೀಲನ್ ಆಸ್ಕರ್ ಸ್ಟ್ಯಾನ್ಲಿ. ಎಲ್ಲರ ಬಾಯಲ್ಲೂ ಎಫ್.ಇ. ಮತ್ತು ಎಫ್.ಓ. ದೊಡ್ಡವರಾದ ಮೇಲೂ ಒಂದೇ ಥರ ಗಡ್ಡ, ಒಂದೇ ಥರ ಬಟ್ಟೆ. ಇಬ್ಬರೂ ಮೇಷ್ಟ್ರ ಕೆಲಸದಿಂದ ಶುರು ಮಾಡಿದವರು. ಎಫ್.ಇ. ಚಿತ್ರ ಬರೀತಿದ್ದ, ಫೋಟೋಗೆ ಬಣ್ಣ ಹಾಕೋಕೆ ಗಾಳಿಯಲ್ಲಿ ಬಣ್ಣ ಚಿಮುಕಿಸೋ ಉಪಕರಣ ಮಾಡಿ 1876ರಲ್ಲೇ ಪೇಟೆಂಟ್ ತಗೊಂಡ. ಇವತ್ತಿನ ಏರ್‌ಬ್ರಷ್‌ನ ಪೂರ್ವಜ ಅನ್ನಿ. ಆಮೇಲೆ ಫೋಟೋ ತೆಗೆಯೋ ಗಾಜಿನ ಫಲಕಕ್ಕೆ ರಾಸಾಯನಿಕ ಬಳಿಯೋ ಯಂತ್ರ ಮಾಡಿದ್ರು. ದುಡ್ಡು ಬಂದದ್ದು ಅಲ್ಲಿಂದ. ಆ ವ್ಯಾಪಾರವನ್ನ ಮುಂದೆ ಕೊಡಾಕ್‌ನವರೇ ಕೊಂಡುಕೊಂಡ್ರು. ಅಂದ್ರೆ ಕಾರಿಗೆ ಕೈ ಹಾಕೋ ಹೊತ್ತಿಗೆ ಇವರಿಗೆ ಐವತ್ತು ಹತ್ತಿರ ಬಂದಿತ್ತು, ಹೊಟ್ಟೆ ತುಂಬಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

1897ರಲ್ಲಿ ಮೊದಲ ಕಾರು. ಎಫ್.ಇ.ಯ ಹೆಂಡತಿ ಆಗಸ್ಟಾಗೆ ಸೈಕಲ್ ಕಲಿಯೋಕಾಗದೆ ಬಿದ್ದಳಂತೆ, "ಬಿಡು, ನಿಂಗೆ ಬೀಳದ ಗಾಡಿ ಮಾಡ್ಕೊಡ್ತೀನಿ" ಅಂದನಂತೆ. ಮನೆಯವರು ಹೇಳ್ಕೊಂಡು ಬಂದ ಕಥೆ. 1898ರ ನವೆಂಬರ್‌ನಲ್ಲಿ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ನ ಸೈಕಲ್ ರೇಸ್ ಮೈದಾನದಲ್ಲಿ ಅದನ್ನ ಜನರೆದುರು ಓಡಿಸಿ ಒಂದು ಮೈಲಿಯನ್ನ 2 ನಿಮಿಷ 11 ಸೆಕೆಂಡಲ್ಲಿ ಮುಗಿಸಿದ. ಕಡಿದಾದ ಇಳಿಜಾರು ಹಲಗೆ ಮೇಲೂ ಹತ್ತಿಸಿ ತೋರಿಸಿದ. ಸರಿ, ಕಾರು ಬೇಕು ಅಂತ ಜನ ಮುಗಿಬಿದ್ರು. ಮಾರೋ ಉದ್ದೇಶವೇ ಇರದ ಹವ್ಯಾಸ ಒಂದೇ ದಿನದಲ್ಲಿ ವ್ಯಾಪಾರ ಆಯ್ತು.

ಹುಬ್ಬಳ್ಳಿ ಲೋಕೋ:
ಭಾಳ ಚಲೋ ವಿಷಯ ತಗದ್ರಿ. ನಮ್ಮಪ್ಪ ಉಗಿ ಎಂಜಿನ್ ಕಾಲದಾಗ ರೈಲ್ವೇದಾಗ ಫೈರ್‌ಮನ್ ಇದ್ದರು. ಮನಿಗೆ ಬಂದರ ಅಂಗಿ ತುಂಬ ಕಲ್ಲಿದ್ದಲ ವಾಸನಿ. ಆದರ ಒಂದು ಮಾತು ಕೇಳ್ತೀನಿ. ಎಂಜಿನ್ ಉಗಿ ಏರಿಸ್ಲಿಕ್ಕೆ ತಾಸುಗಟ್ಲೆ ಬೇಕು, ನೋಡ್ಕೊಳ್ಳಿಕ್ಕೆ ಇಬ್ಬರು ಮೂವರು ಬೇಕು. ಕಾರಿನಾಗ ಕುಂತ ಒಬ್ಬನ ಇದನ್ನೆಲ್ಲ ಹೆಂಗ ಮಾಡ್ತಿದ್ದ? ಮ್ಯಾಲೆ, ಕುಂಡಿ ಕೆಳಗ ಬಾಯ್ಲರ್ ಇಟ್ಕೊಂಡು ಹೋಗೂದು ಅಂದರ ಧೈರ್ಯನ ಬೇಕ್ರಿ.

ಹಳೇಗಾಡಿ:
ಸರಿಯಾದ ಪ್ರಶ್ನೆ ಸಾರ್. ಬಾಯ್ಲರ್ ಇದ್ದದ್ದು ಮೊದಲು ಸೀಟಿನ ಕೆಳಗೇ, ಆಮೇಲಿನ ಮಾದರಿಗಳಲ್ಲಿ ಮುಂದಿನ ಬಾನೆಟ್ ಒಳಗೆ.

ಬೆಂಗಳೂರು, ಮೈಸೂರು ಕಡೆ ಹಳೇ ಮನೆಗಳ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಇರ್ತಿತ್ತಲ್ಲ, ಉದ್ದಕ್ಕೆ ನಿಂತಿರೋದು, ಕೆಳಗೆ ಬೆಂಕಿ, ನಡುವೆ ಒಂದು ಕೊಳವೆ, ಅದರೊಳಗೆ ಬಿಸಿ ಹೊಗೆ ಮೇಲಕ್ಕೆ ಹೋಗುತ್ತೆ, ಸುತ್ತ ನೀರು? ಸ್ಟ್ಯಾನ್ಲಿ ಬಾಯ್ಲರ್ ಅಂದ್ರೆ ಅದೇ. ಆದರೆ ನಡುವೆ ಒಂದು ಕೊಳವೆ ಬದಲು 700ಕ್ಕೂ ಹೆಚ್ಚು ಸಣ್ಣ ಕೊಳವೆ, ಜೇನುಗೂಡಿನ ಹಾಗೆ. ಇದು 23 ಅಂಗುಲ ಅಗಲದ ಬಾಯ್ಲರ್ ಲೆಕ್ಕ. ಬೆಂಕಿ ತಾಗೋ ಮೈ ಅಷ್ಟು ಜಾಸ್ತಿಯಾದ್ದರಿಂದ ಅಷ್ಟು ಬೇಗ ಉಗಿ. ಹೊರಗಿನ ತಗಡು ತೆಳ್ಳಗೆ, ಅದು ಉಬ್ಬದ ಹಾಗೆ ಸುತ್ತಲೂ ಪಿಯಾನೋ ತಂತಿ ಬಿಗಿಯಾಗಿ ಸುತ್ತಿದ್ರು. ಹೌದು, ಸಂಗೀತದ ಪಿಯಾನೋನೇ. ತೂಕ ಕಮ್ಮಿ, ಬಲ ಜಾಸ್ತಿ. ಒಳಗೆ ಪ್ರತಿ ಚದರ ಅಂಗುಲಕ್ಕೆ 600 ಪೌಂಡ್‌ವರೆಗೆ ಒತ್ತಡ. ನಮ್ಮ ಅಡುಗೆಮನೆ ಕುಕ್ಕರ್ 15 ಪೌಂಡ್‌ಗೇ ಸೀಟಿ ಹೊಡೆಯುತ್ತೆ.

ಸಿಡಿಯೋದು? ಬೆಂಕಿ ಜಾಸ್ತಿಯಾಗಿ ನೀರು ಖಾಲಿಯಾದ್ರೆ ಮೊದಲು ಕೈಕೊಡೋದು ಆ ಸಣ್ಣ ಕೊಳವೆಗಳ ತುದಿಯ ಜೋಡಣೆ. ಅಲ್ಲಿ ಸೋರೋಕೆ ಶುರುವಾಗಿ, ಒತ್ತಡ ಇಳಿದು, ಸೋರಿದ ನೀರು ಉಗಿಯಿಂದ ಕೆಳಗಿನ ಒಲೆಯೇ ಆರಿಹೋಗುತ್ತೆ. ಕಾರು ರಸ್ತೇಲಿ ನಿಲ್ಲುತ್ತೆ, ನಿಮ್ಮ ಮಾನ ಹೋಗುತ್ತೆ, ಪ್ರಾಣ ಹೋಗಲ್ಲ.

ಮಲ್ಲೇಶ್ವರದ ಮಗಳು:
ತಾಮ್ರದ ಬಾಯ್ಲರ್! ನಮ್ಮಜ್ಜಿ ಮನೇಲಿತ್ತು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕೋ ಕೆಲಸ ನಂದೇ. ಈಗ ನಮ್ಮ ಮಾವನ ಡ್ರಾಯಿಂಗ್ ರೂಮಲ್ಲಿ ಛತ್ರಿ ಹಾಕೋಕೆ ಇಟ್ಕೊಂಡಿದಾರೆ.

ಒಲೆಗೆ ಏನು ಹಾಕ್ತಿದ್ರು, ಸೌದೆಯಾ ಕಲ್ಲಿದ್ದಲಾ? ಕಾರಲ್ಲಿ ಸೌದೆ ಹೊರೆ ಕಟ್ಕೊಂಡು ಹೋಗೋದು ಊಹಿಸ್ಕೊಂಡೇ ನಗು ಬರ್ತಿದೆ.

ಹಳೇಗಾಡಿ:
ಸೌದೆ ಅಲ್ಲ ಮೇಡಂ, ಪಂಪ್ ಸ್ಟವ್. ನಿಜವಾಗಲೂ. ಮೊದಲು ಪೆಟ್ರೋಲ್, ಆಮೇಲೆ ಸೀಮೆಎಣ್ಣೆ. ಗಾಳಿಯ ಒತ್ತಡದಲ್ಲಿ ಎಣ್ಣೆ ಬಂದು, ಬಿಸಿ ಕೊಳವೇಲಿ ಆವಿಯಾಗಿ, ಸಣ್ಣ ತೂತಿಂದ ಭರ್ರ್ ಅಂತ ಬಂದು ನೀಲಿ ಜ್ವಾಲೆ. ಪಂಪ್ ಸ್ಟವ್‌ಗೆ ಮೊದಲು ಸ್ಪಿರಿಟ್ ಸುರಿದು ಬಿಸಿ ಮಾಡ್ತಿದ್ವಲ್ಲ, ಇದಕ್ಕೂ ಬೆಂಕಿ ಟಾರ್ಚ್ ಹಿಡಿದು ಮೊದಲು ಪೈಲಟ್, ಅಂದ್ರೆ ದೊಡ್ಡ ಬರ್ನರ್ ಹೊತ್ತಿಸೋ ಸಣ್ಣ ಬರ್ನರ್, ಬಿಸಿ ಮಾಡಬೇಕಿತ್ತು. ತೂತಲ್ಲಿ ಮಸಿ ಕಟ್ಟಿದ್ರೆ ತಂತಿ ತೂರಿಸಿ ಬಿಡಿಸಬೇಕಿತ್ತು. ಪಂಪ್ ಸ್ಟವ್ ಪಿನ್ನು ಗೊತ್ತಲ್ಲ, ಅದೇ ಅನುಭವ.

ಓಡಿಸೋದು ಹೀಗೆ: ಪೈಲಟ್ ಹೊತ್ತಿಸು, ದೊಡ್ಡ ಬರ್ನರ್ ತೆಗೆ, 20ರಿಂದ 30 ನಿಮಿಷ ಕಾಯಿ. ಒತ್ತಡ ಬಂದ ಮೇಲೆ ಸಿಲಿಂಡರ್‌ನಲ್ಲಿ ತಣ್ಣಗಾಗಿ ಕೂತ ನೀರನ್ನ ಹೊರಗೆ ಬಿಡು. ಆಮೇಲೆ ಸ್ಟಿಯರಿಂಗ್ ಪಕ್ಕದ ಸಣ್ಣ ಹಿಡಿ ಎಳೆದ್ರೆ ಮುಗೀತು, ಹೊರಟಿತು. ಗೇರ್ ಇಲ್ಲ, ಕ್ಲಚ್ ಇಲ್ಲ. ಎರಡು ಸಿಲಿಂಡರ್ ಎಂಜಿನ್ ಹಿಂದಿನ ಆಕ್ಸಲ್‌ಗೇ (ಚಕ್ರಗಳ ಅಚ್ಚಿಗೇ) ಹಲ್ಲುಚಕ್ರದಿಂದ ಸೇರಿಕೊಂಡಿರುತ್ತೆ. ಗಂಟೆಗೆ 60 ಮೈಲಿ ಹೋಗ್ತಿದ್ರೂ ಎಂಜಿನ್ ನಿಮಿಷಕ್ಕೆ 900 ಸುತ್ತು ದಾಟಲ್ಲ. ಆಗಿನ ಪೆಟ್ರೋಲ್ ಕಾರು ಅಂದ್ರೆ ಹಲ್ಲು ಕಡಿಯೋ ಗೇರು, ಮೈ ಕುಲುಕೋ ನಡುಕ, ಗುಡ್ಡ ಬಂದ್ರೆ ಕೆಮ್ಮಿ ನಿಲ್ಲೋದು. ಇದು ನಿಂತ ಜಾಗದಲ್ಲೇ ಪೂರ್ತಿ ಬಲ ಕೊಡ್ತಿತ್ತು. ಇವಿ ಓಡಿಸಿದವರಿಗೆ ಗೊತ್ತಾಗುತ್ತೆ ಆ ಸುಖ.

ರಾತ್ರಿ ಪೈಲಟ್ ಆರಿಸದೆ ಬಿಟ್ಟರೆ ಬೆಳಗ್ಗೆ ಉಗಿ ತಯಾರಾಗೇ ಇರ್ತಿತ್ತು ಅನ್ನೋದನ್ನೂ ಸೇರಿಸ್ತೀನಿ. ಅರ್ಧ ಗಂಟೆ ಅನ್ನೋದು ತಣ್ಣಗಿನ ಕಾರಿನ ಲೆಕ್ಕ.

ಇವಿ ಹುಡುಗ:
ಹೋದ ವಾರ ಜಗಳ ಆಡಿದವನು ನಾನೇ, ಹಾಜರಿ ಹಾಕ್ತಿದೀನಿ. ಸರ್, ಇಷ್ಟು ಚೆನ್ನಾಗಿದ್ರೆ ಎಲ್ಲಿ ಹೋಯ್ತು ಈ ಕಾರು? ಉತ್ತರ ಗೊತ್ತೇ ಇದೆ. ಪೆಟ್ರೋಲ್ ಲಾಬಿ. ಎಣ್ಣೆ ಕಂಪನಿಗಳು ಸೇರಿ ಮುಗಿಸಿದ್ರು. ಯೂಟ್ಯೂಬಲ್ಲಿ ಎಷ್ಟು ವೀಡಿಯೋ ಇದೆ ನೋಡಿ.

ಪಾಲಿಟೆಕ್ನಿಕ್ ಮೇಷ್ಟ್ರು:
ತಮ್ಮಾ, ಮೇಲಿನ ಪೋಸ್ಟ್ ಓದಿದೆಯಾ? ಒಲೆ ಉರೀತಿದ್ದದ್ದೇ ಪೆಟ್ರೋಲ್ ಮತ್ತು ಸೀಮೆಎಣ್ಣೆಯಲ್ಲಿ. ಅದೂ ಪೆಟ್ರೋಲ್ ಕಾರಿಗಿಂತ ಜಾಸ್ತಿ ಎಣ್ಣೆ ಕುಡೀತಿತ್ತು, ಯಾಕಂದ್ರೆ ನೀರನ್ನ ಉಗಿ ಮಾಡೋಕೆ ಹೋದ ಶಾಖದ ಬಹುಪಾಲು ಹೊರಗೇ ಹೋಗುತ್ತೆ. ನಾನು ಎಣ್ಣೆ ಕಂಪನಿ ಯಜಮಾನ ಆಗಿದ್ರೆ ಸ್ಟ್ಯಾನ್ಲಿಗೆ ಆರತಿ ಎತ್ತುತ್ತಿದ್ದೆ. ಗಿರಾಕಿಯನ್ನ ಯಾರಾದ್ರೂ ಕೊಲ್ತಾರಾ?

ನನ್ನ ಉತ್ತರ ಎರಡೇ ಪದ: ಸೆಲ್ಫ್ ಸ್ಟಾರ್ಟರ್. ಅಲ್ಲಿವರೆಗೆ ಪೆಟ್ರೋಲ್ ಕಾರಿಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ಹಿಂದಕ್ಕೆ ಒದ್ದರೆ ಕೈ ಮುರೀತಿತ್ತು. ಅದರ ಮುಂದೆ ಅರ್ಧ ಗಂಟೆ ಕಾಯೋದು ಪರವಾಗಿಲ್ಲ ಅನ್ನಿಸ್ತಿತ್ತು. 1912ರ ಮಾದರಿಯಲ್ಲಿ ಕ್ಯಾಡಿಲಾಕ್‌ನವರು ಚಾರ್ಲ್ಸ್ ಕೆಟರಿಂಗ್ ಮಾಡಿದ ವಿದ್ಯುತ್ ಸ್ಟಾರ್ಟರ್ ಹಾಕಿದ್ರು. ಗುಂಡಿ ಒತ್ತಿದ್ರೆ ಎಂಜಿನ್ ಶುರು. ಅವತ್ತೇ ಉಗಿ ಕಾರಿನ ತಿಥಿ ಬರೆದಾಯ್ತು. ಸೆಮಿಸ್ಟರ್ ಪರೀಕ್ಷೆಗೆ ಇದನ್ನ ಬರೀರಿ, ಪೂರ್ತಿ ಅಂಕ ಕೊಡ್ತೀನಿ.

ಹಳೇಗಾಡಿ:
ಮೇಷ್ಟ್ರೇ, ಅರ್ಧ ಅಂಕ ಕಡಿತೀನಿ. ಸ್ಟಾರ್ಟರ್ ಬಂದಮೇಲೆ ಸ್ಟ್ಯಾನ್ಲಿ ಹನ್ನೆರಡು ವರ್ಷ ಬದುಕಿತ್ತು. ನಡುವೆ ಬಿಟ್ಟ ಕಥೆ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

1899ರಲ್ಲಿ ಜಾನ್ ಬ್ರಿಸ್ಬೆನ್ ವಾಕರ್ ಅನ್ನೋ ಪತ್ರಿಕೆ ಮಾಲೀಕ ಬಂದು ಕಾರ್ಖಾನೆ ಕೊಡಿ ಅಂದ. ಅಣ್ಣತಮ್ಮಂದಿರಿಗೆ ಮಾರೋ ಮನಸ್ಸಿಲ್ಲ. ಅವನನ್ನ ಸಾಗಹಾಕೋಣ ಅಂತ ಬಾಯಿಗೆ ಬಂದ ಬೆಲೆ ಹೇಳಿದ್ರು, 2,50,000 ಡಾಲರ್. ಆತ ಡಾಂಬರು ವ್ಯಾಪಾರಿ ಅಮ್ಝಿ ಬಾರ್ಬರ್‌ನ ಜೊತೆ ಮಾಡ್ಕೊಂಡು ಬಂದು ಕೊಟ್ಟೇಬಿಟ್ಟ. ಆ ಪಾಲುದಾರರಿಬ್ಬರೂ ಸ್ವಲ್ಪ ದಿನದಲ್ಲೇ ಜಗಳ ಆಡಿ ಬೇರೆ ಆದ್ರು. ಬಾರ್ಬರ್‌ನದ್ದು ಲೋಕೋಮೊಬೈಲ್, ವಾಕರ್‌ನದ್ದು ಮೊಬೈಲ್. ಎರಡೂ ಸ್ಟ್ಯಾನ್ಲಿಗಳ ವಿನ್ಯಾಸವೇ. ಅದೇ ವರ್ಷ ಆಗಸ್ಟ್ 31ಕ್ಕೆ ಎಫ್.ಓ. ತನ್ನ ಹೆಂಡತಿ ಫ್ಲೋರಾನ ಪಕ್ಕ ಕೂರಿಸ್ಕೊಂಡು ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ ತುದಿಗೆ ಕಾರು ಹತ್ತಿಸಿದ. 6,288 ಅಡಿ ಎತ್ತರದ ಬೆಟ್ಟ, ಕುದುರೆಗಾಡಿಗೆ ಅಂತ ಮಾಡಿದ ಏಳೂವರೆ ಮೈಲಿ ಮಣ್ಣು ರಸ್ತೆ, 2 ಗಂಟೆ 10 ನಿಮಿಷ. ಅದಕ್ಕೆ ಮೊದಲು ಯಾವ ಮೋಟಾರು ಗಾಡಿಯೂ ಅಲ್ಲಿಗೆ ಹೋಗಿರಲಿಲ್ಲ.

ಲೋಕೋಮೊಬೈಲ್ ಸ್ವಲ್ಪ ಕಾಲ ಚೆನ್ನಾಗಿ ಮಾರಾಟ ಆಯ್ತು, ಆಮೇಲೆ ಅವರು ಪೆಟ್ರೋಲ್ ಕಡೆ ಹೊರಳಿದ್ರು. ಅಷ್ಟರಲ್ಲಿ ಅಣ್ಣತಮ್ಮಂದಿರು ತಮ್ಮದೇ ಹಳೇ ವಿನ್ಯಾಸದ ಹಂಗಿಲ್ಲದ ಹೊಸ ಕಾರು ಮಾಡಿದ್ರು, ಎಂಜಿನ್ ನೇರ ಆಕ್ಸಲ್‌ಗೆ ಸೇರಿದ್ದು. ಮಾರಿದ್ದನ್ನ ಕಡಿಮೆ ಬೆಲೆಗೆ ವಾಪಸ್ಸೂ ತಗೊಂಡ್ರು. 1902ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ ಸ್ಟ್ಯಾನ್ಲಿ ಮೋಟಾರ್ ಕ್ಯಾರೇಜ್ ಕಂಪನಿ. ವ್ಯಾಪಾರದಲ್ಲಿ ಪೆದ್ದರು ಅಂತ ಇವರನ್ನ ಬರೆಯೋರಿಗೆ ಈ ಒಂದು ವ್ಯವಹಾರ ತೋರಿಸಬೇಕು.

ಇನ್ನು 1906, ಜನವರಿ 26. ಫ್ಲೋರಿಡಾದ ಆರ್ಮಂಡ್ ಬೀಚ್, ಗಟ್ಟಿ ಮರಳು. ದೋಣಿ ಮಗುಚಿ ಹಾಕಿದ ಹಾಗಿದ್ದ ಕಾರೊಳಗೆ ಫ್ರೆಡ್ ಮ್ಯಾರಿಯಟ್, ಸ್ಟ್ಯಾನ್ಲಿ ಕಾರ್ಖಾನೆಯ ಕೆಲಸಗಾರ. ಒಂದು ಮೈಲಿ, 28.2 ಸೆಕೆಂಡ್. ಗಂಟೆಗೆ 127.66 ಮೈಲಿ, ನಮ್ಮ ಲೆಕ್ಕದಲ್ಲಿ 205 ಕಿಲೋಮೀಟರ್. 1906ರಲ್ಲಿ! ಉಗಿ ಕಾರುಗಳ ಮಟ್ಟಿಗೆ ಆ ದಾಖಲೆ ಮುರಿದದ್ದು 2009ರಲ್ಲಿ, ಬ್ರಿಟಿಷ್ ತಂಡ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ. 103 ವರ್ಷ. 1907ರಲ್ಲಿ ಮತ್ತೆ ಅದೇ ಬೀಚಿಗೆ ಹೋದ್ರು, ಕಾರು ಗಾಳಿಗೆ ಎದ್ದು ಬಿದ್ದು ಚೂರುಚೂರಾಯ್ತು. ಮ್ಯಾರಿಯಟ್ ಬದುಕಿ ಉಳಿದ. ಅಣ್ಣತಮ್ಮಂದಿರು ಅವತ್ತೇ ರೇಸಿಗೆ ಕೈ ಮುಗಿದ್ರು, ಒಬ್ಬನ ಪ್ರಾಣ ಪಣಕ್ಕಿಟ್ಟು ಕಾರು ಮಾರೋದು ಬೇಡ ಅಂತ.

ಪಶುವೈದ್ಯ ಹಾಸನ:
ಈ ಕಾರು ನೀರು ಎಷ್ಟು ಕುಡೀತಿತ್ತು? ರೈಲಿನ ಉಗಿ ಎಂಜಿನ್ನು ಸ್ಟೇಷನ್ ಸ್ಟೇಷನ್‌ನಲ್ಲಿ ನೀರು ತುಂಬಿಸ್ಕೊಳ್ತಿತ್ತಲ್ಲ.

ಹಳೇಗಾಡಿ:
ಡಾಕ್ಟ್ರೇ, ಮರ್ಮಕ್ಕೇ ಕೈ ಹಾಕಿದ್ರಿ. ಹಳೇ ಸ್ಟ್ಯಾನ್ಲಿ ಉಗಿಯನ್ನ ಒಮ್ಮೆ ಬಳಸಿ ಹೊರಗೆ ಬಿಡ್ತಿತ್ತು. ಹಾಗಾಗಿ ಒಂದು ಗ್ಯಾಲನ್ ನೀರಿಗೆ ಸುಮಾರು ಒಂದು ಮೈಲಿ. ಮೂವತ್ತು ಮೈಲಿಗೊಮ್ಮೆ ನೀರು. ಆಗ ಊರೂರಲ್ಲಿ ಕುದುರೆಗಳಿಗೆ ನೀರಿನ ತೊಟ್ಟಿ ಇರ್ತಿದ್ವು, ಕಾರಿನ ಜೊತೆಗೇ ಬರೋ ರಬ್ಬರ್ ಪೈಪನ್ನ ತೊಟ್ಟಿಗೆ ಇಳಿಬಿಟ್ರೆ ಉಗಿಯ ಬಲದಲ್ಲೇ ನೀರು ಹೀರ್ಕೊಳ್ತಿತ್ತು. ಕುದುರೆ ಒಂದು ಕಡೆ, ಕಾರು ಇನ್ನೊಂದು ಕಡೆ. ಆದರೆ 1914ರಲ್ಲಿ ಅಮೆರಿಕದಲ್ಲಿ ಕಾಲುಬಾಯಿ ಜ್ವರ ಜೋರಾಗಿ ಹಬ್ಬಿ, ಎಷ್ಟೋ ಕಡೆ ತೊಟ್ಟಿಗಳನ್ನೇ ತೆಗೆಸಿಬಿಟ್ರು. ಕಾರಿಗೆ ನೀರಿಲ್ಲ.

ಪಶುವೈದ್ಯ ಹಾಸನ:
ಇದು ಚೆನ್ನಾಗಿದೆ. ಆದರೆ ಒಂದು ಸ್ಪಷ್ಟನೆ, ಇಲ್ಲದಿದ್ರೆ ರಾತ್ರಿ ನಿದ್ದೆ ಬರಲ್ಲ: ಕಾಲುಬಾಯಿ ಜ್ವರ ಕುದುರೆಗೆ ಬರಲ್ಲ. ಅದು ಗೊರಸು ಸೀಳಿದ ಪ್ರಾಣಿಗಳಿಗೆ, ದನ, ಎಮ್ಮೆ, ಕುರಿ, ಮೇಕೆ, ಹಂದಿ. ಹಾಗಂತ ತೊಟ್ಟಿ ಮುಚ್ಚಿದ್ದು ತಪ್ಪಲ್ಲ. ರೋಗದ ದನ ಬಾಯಿ ಹಾಕಿದ ನೀರಲ್ಲಿ ಜೊಲ್ಲು ಬೀಳುತ್ತೆ, ಅದೇ ನೀರಿಗೆ ಮುಂದಿನ ಊರಿನ ದನ ಬಂದ್ರೆ ಮುಗೀತು. ಕುದುರೆ ತನಗೆ ರೋಗ ಬರದಿದ್ರೂ ಮೂತಿ, ಕಾಲಲ್ಲಿ ಹೊತ್ಕೊಂಡು ಹೋಗಬಹುದು. ನಮ್ಮ ಕಡೆ ಜಾತ್ರೆ ನಿಲ್ಲಿಸಿ ಅಂದಾಗ ಬೈಸ್ಕೊಂಡಿದ್ದು ನೆನಪಾಯ್ತು. ದನದ ಕಾಯಿಲೆ ಕಾರು ಕಂಪನಿಗೆ ತಗುಲಿದ್ದು ಮಾತ್ರ ಇದೇ ಮೊದಲು ಕೇಳ್ತಿರೋದು.

ಇವಿ ಹುಡುಗ:
ಅಂದ್ರೆ ಚಾರ್ಜಿಂಗ್ ಸ್ಟೇಷನ್ ಮುಚ್ಚಿಬಿಟ್ರು ಅನ್ನಿ 😄 ಲಾಬಿ ಮಾತು ವಾಪಸ್ ತಗೊಂಡೆ ಮೇಷ್ಟ್ರೇ. ಆದರೆ ನೀರನ್ನ ಮತ್ತೆ ಬಳಸೋಕೆ ಆಗ್ತಿರಲಿಲ್ವಾ? ಉಗಿ ತಣ್ಣಗಾದ್ರೆ ನೀರೇ ತಾನೆ.

ಪಾಲಿಟೆಕ್ನಿಕ್ ಮೇಷ್ಟ್ರು:
ಆಗ್ತಿತ್ತು, ಮಾಡಿದ್ರು ಕೂಡ. 1915ರ ಮಾದರಿಯಿಂದ ಮುಂದೆ ಉಗಿಯನ್ನ ತಣ್ಣಗೆ ಮಾಡಿ ನೀರಾಗಿಸೋ, ರೇಡಿಯೇಟರ್ ಥರದ ಕಂಡೆನ್ಸರ್ ಬಂತು. ಒಂದು ಟ್ಯಾಂಕ್ ನೀರಿಗೆ ಹೋಗೋ ದೂರ ನಾಲ್ಕೈದು ಪಟ್ಟು ಹೆಚ್ಚಾಯ್ತು. ಆದರೆ ಉಗಿ ಎಂಜಿನ್ ಸಿಲಿಂಡರ್‌ಗೆ ಎಣ್ಣೆ ಬಿಡಬೇಕು, ಆ ಎಣ್ಣೆ ಉಗಿ ಜೊತೆ ಹೋಗುತ್ತೆ. ಮೊದಲು ಹೊರಗೆ ಹೋಗ್ತಿತ್ತು, ಯಾರಿಗೂ ತೊಂದರೆ ಇಲ್ಲ. ಈಗ ಕಂಡೆನ್ಸರ್ ಮೂಲಕ ವಾಪಸ್ಸು ಬಾಯ್ಲರ್‌ಗೆ ಬಂತು. 700 ಕೊಳವೆ ಮೇಲೆಲ್ಲ ಜಿಡ್ಡು. ಜಿಡ್ಡು ಕಟ್ಟಿದ ಕೊಳವೆಗೆ ನೀರು ಸರಿಯಾಗಿ ತಾಗದೆ ಸುಟ್ಟು ಸೋರುತ್ತೆ. ಒಂದು ಕಡೆ ತೇಪೆ ಹಾಕಿದ್ರೆ ಇನ್ನೊಂದು ಕಡೆ ಹರೀತು. ಕಾರು ಭಾರವೂ ಆಯ್ತು, ಹಳೇ ಚುರುಕು ಹೋಯ್ತು.

ಡೆಲವೇರ್ ಕನ್ನಡಿಗ:
ತಡವಾಗಿ ಬಂದೆ, ಕ್ಷಮಿಸಿ. ನಾನು ಇದರಲ್ಲಿ ಕೂತಿದೀನಿ!

ನಮ್ಮ ಮನೆಯಿಂದ ಅರ್ಧ ಗಂಟೆ ದೂರ ಯಾರ್ಕ್‌ಲಿನ್ ಅಂತ ಊರಿದೆ. ಅಲ್ಲಿ ಆಬರ್ನ್ ಹೈಟ್ಸ್ ಅನ್ನೋ ಹಳೇ ಬಂಗಲೆ, ಪಕ್ಕದಲ್ಲೇ ಮಾರ್ಷಲ್ ಸ್ಟೀಮ್ ಮ್ಯೂಸಿಯಂ. ಓಡೋ ಸ್ಥಿತಿಯಲ್ಲಿರೋ ಸ್ಟ್ಯಾನ್ಲಿಗಳು ಒಂದೇ ಕಡೆ ಇಷ್ಟೊಂದು ಇರೋದು ಅಲ್ಲೇ. ಕೆಲವು ದಿನ ಉಗಿ ಏರಿಸಿ ಜನರನ್ನ ಕೂರಿಸ್ಕೊಂಡು ಹೋಗ್ತಾರೆ. ಎರಡು ವರ್ಷದ ಹಿಂದೆ ಊರಿಂದ ಅಪ್ಪ ಬಂದಿದ್ದಾಗ ಕರ್ಕೊಂಡು ಹೋಗಿದ್ದೆ.

ಮೊದಲು ನೆನಪಾಗೋದು ವಾಸನೆ. ಗಾಡಿ ಹತ್ತಿರ ಹೋಗ್ತಿದ್ದ ಹಾಗೆ ಅಪ್ಪ ನಿಂತ್ಬಿಟ್ರು, "ಲೋ, ನಮ್ಮಮ್ಮನ ಅಡುಗೆಮನೆ ಕಣೋ" ಅಂದ್ರು. ಸೀಮೆಎಣ್ಣೆ, ಬಿಸಿ ತಗಡು, ಒದ್ದೆ ಬಟ್ಟೆ ಇಸ್ತ್ರಿ ಹಾಕಿದಾಗಿನ ಉಗಿ, ಎಲ್ಲ ಸೇರಿದ ವಾಸನೆ. ಬರ್ನರ್ ಸದ್ದು ಥೇಟ್ ಪಂಪ್ ಸ್ಟವ್. ಓಡಿಸೋರು ವಯಸ್ಸಾದ ಸ್ವಯಂಸೇವಕರು, ಕೈಗೆ ಚರ್ಮದ ಗ್ಲೌಸ್. ಹೊರಡೋಕೆ ಮೊದಲು ಕೆಳಗಿಂದ ಬಿಳಿ ಉಗಿ ಬುಸ್ಸಂತ ಬಂದು ನಮ್ಮ ಮಗಳ ಶೂ ಒದ್ದೆ ಆಯ್ತು. ಆಮೇಲೆ ಏನೂ ಸದ್ದಿಲ್ಲ. ಬರ್ನರ್ ಆಫ್ ಆಗಿದ್ದಾಗ ಟೈರಿನ ಕೆಳಗೆ ಜಲ್ಲಿ ಪುಡಿಯಾಗೋದು ಕೇಳ್ಸುತ್ತೆ. ಚಕ್ರಕ್ಕೆ ಯಾರೋ ಕೈ ಹಾಕಿ ನಿಧಾನಕ್ಕೆ ತಳ್ತಿರೋ ಹಾಗೆ ಗುಡ್ಡ ಹತ್ತಿತು. ಚಾಲಕರ ಕಣ್ಣು ಮಾತ್ರ ರಸ್ತೆ ಮೇಲೆ ಅರ್ಧ, ನೀರಿನ ಮಟ್ಟ ತೋರಿಸೋ ಗಾಜಿನ ಮೇಲೆ ಅರ್ಧ. ಅದನ್ನ ನೋಡಿದ ಮೇಲೆ ಈ ಕಾರು ಯಾಕೆ ಹೋಯ್ತು ಅಂತ ನಂಗೆ ಅನುಮಾನ ಉಳೀಲಿಲ್ಲ. ಇದು ಕಾರು ಓಡಿಸೋದಲ್ಲ, ಕುಕ್ಕರ್ ಕಾಯ್ತಾ ಮಗು ನೋಡ್ಕೊಳ್ಳೋದು.

ನಾವು ಕೂತದ್ದು ಮೌಂಟನ್ ವ್ಯಾಗನ್, ಸಾಲು ಸಾಲು ಬೆಂಚಿನ ಹನ್ನೆರಡು ಜನರ ಗಾಡಿ. ಅದರ ಹಿಂದೆ ಬೇರೆ ಕಥೆ ಇದೆ ಅಂದ್ರು, ಹಳೇಗಾಡಿ ಸಾರ್ ಹೇಳ್ಬೇಕು.

ಹಳೇಗಾಡಿ:
ಹೇಳ್ದೇ ಇರ್ತೀನಾ! 1903ರಲ್ಲಿ ಎಫ್.ಓ.ಗೆ ಕ್ಷಯ ತಿರುಗಿತು. ಆಗ ಔಷಧಿ ಇಲ್ಲ, ಬೆಟ್ಟದ ಒಣಗಾಳಿಯೇ ಔಷಧಿ. ಕೊಲರಾಡೋಗೆ ಹೋಗು ಅಂದ್ರು. ಎಸ್ಟಸ್ ಪಾರ್ಕ್ ಅನ್ನೋ ಕಣಿವೆಗೆ ತನ್ನದೇ ಉಗಿ ಕಾರಲ್ಲಿ ಹೋಗಿ ಸೇರಿದ. ಹೆಚ್ಚು ದಿನ ಉಳಿಯಲ್ಲ ಅಂದುಕೊಂಡವನು ಚೇತರಿಸ್ಕೊಂಡ. ಸುಮ್ಮನೆ ಕೂರೋ ಜೀವ ಅಲ್ಲ. ರಸ್ತೆ ಸರಿ ಮಾಡಿಸಿದ, ಫಾಲ್ ನದಿಗೆ ಜಲವಿದ್ಯುತ್ ಕೇಂದ್ರ ಕಟ್ಟಿಸಿದ, 1909ರಲ್ಲಿ ಸ್ಟ್ಯಾನ್ಲಿ ಹೋಟೆಲ್ ತೆರೆದ. ರೈಲ್ವೆ ಸ್ಟೇಷನ್‌ನಿಂದ ಅತಿಥಿಗಳನ್ನ ಬೆಟ್ಟ ಹತ್ತಿಸೋಕೆ ಅಂತಲೇ ಮೌಂಟನ್ ವ್ಯಾಗನ್. ಆ ಕಡಿದಾದ ರಸ್ತೇಲಿ ಆಗಿನ ಪೆಟ್ರೋಲ್ ಬಸ್ಸು ಹತ್ತೋದು ಕಷ್ಟ ಇತ್ತು, ಇದು ಸಲೀಸಾಗಿ ಹತ್ತುತ್ತಿತ್ತು. ಹೋಟೆಲ್ ಇವತ್ತೂ ಇದೆ. ಒಂದು ಪ್ರಸಿದ್ಧ ದೆವ್ವದ ಕಾದಂಬರಿಗೆ ಪ್ರೇರಣೆ ಅಂತ ಜನ ಅಲ್ಲಿಗೆ ದೆವ್ವ ಹುಡುಕ್ಕೊಂಡು ಹೋಗ್ತಾರೆ. ಕಟ್ಟಿಸಿದವನ ಕಾರು ಕೇಳೋರು ಕಮ್ಮಿ. ಎಫ್.ಓ. 91ನೇ ವಯಸ್ಸಲ್ಲಿ, 1940ರಲ್ಲಿ ಹೋದ.

ಅಣ್ಣತಮ್ಮಂದಿರ ಬಗ್ಗೆ ಒಂದು ಕಥೆ ಇದೆ, ನಿಜವೋ ಸುಳ್ಳೋ, ಬಿಡೋಕೆ ಮನಸ್ಸಿಲ್ಲ. ಇಬ್ಬರೂ ಬೇರೆ ಬೇರೆ ಕಾರಲ್ಲಿ ಹಿಂದೆ ಮುಂದೆ ಹೋಗ್ತಾರೆ. ಅತಿ ವೇಗ ಅಂತ ಪೊಲೀಸಿನವನು ಮೊದಲಿನವನನ್ನ ಹಿಡಿದು ಚೀಟಿ ಬರೀತಿರ್ತಾನೆ. ಅಷ್ಟರಲ್ಲಿ ಅದೇ ಕಾರು, ಅದೇ ಗಡ್ಡ, ಅದೇ ಟೋಪಿ, ಅದೇ ಮನುಷ್ಯ ಪಕ್ಕದಲ್ಲೇ ಭರ್ರಂತ ಹೋಗ್ತಾನೆ. ಪೊಲೀಸಿನವನ ಮುಖ ನೀವೇ ಊಹಿಸ್ಕೊಳ್ಳಿ.

ಹುಬ್ಬಳ್ಳಿ ಲೋಕೋ:
ನಗಿ ತಡಕೊಳ್ಳಿಕ್ಕಾಗ್ಲಿಲ್ರಿ. ಇರ್ಲಿ, ತೀರ್ಪು ಎಲ್ಲದ? ಕೊಂದವರು ಯಾರು?

ಹಳೇಗಾಡಿ:
ನನ್ನ ತೀರ್ಪು ಹೇಳ್ತೀನಿ, ಒಪ್ಪೋದು ಬಿಡೋದು ನಿಮ್ಮದು.

ಸ್ಟ್ಯಾನ್ಲಿ ಜೊತೆಗೇ ಕ್ಲೀವ್‌ಲ್ಯಾಂಡ್‌ನಲ್ಲಿ ವೈಟ್ ಅಂತ ಇನ್ನೊಂದು ಕಂಪನಿ ಉಗಿ ಕಾರು ಮಾಡ್ತಿತ್ತು. ಹೊಲಿಗೆ ಯಂತ್ರದವರು. ಸ್ಟ್ಯಾನ್ಲಿಗಿಂತ ನಾಜೂಕಾದ ಕಾರು. ಅಧ್ಯಕ್ಷ ಟ್ಯಾಫ್ಟ್‌ಗೆ 1909ರಲ್ಲಿ ಶ್ವೇತಭವನ ಕೊಂಡದ್ದು ವೈಟ್ ಉಗಿ ಕಾರನ್ನೇ. ಅಷ್ಟು ಮರ್ಯಾದೆ ಇದ್ದೂ ಅವರು ಗಾಳಿ ಯಾವ ಕಡೆ ಬೀಸ್ತಿದೆ ನೋಡಿ, ಒಂದೆರಡು ವರ್ಷದಲ್ಲಿ ಉಗಿ ಬಿಟ್ಟು ಪೆಟ್ರೋಲ್‌ಗೆ ಹೋದ್ರು. ಆಮೇಲೆ ಲಾರಿ ಮಾಡಿ ದಶಕಗಟ್ಟಲೆ ಬದುಕಿದ್ರು. ಲೋಕೋಮೊಬೈಲೂ ಹೊರಳಿತು. ಅಂದ್ರೆ ದಾರಿ ಎದುರಿಗೇ ಇತ್ತು. ಸ್ಟ್ಯಾನ್ಲಿಗಳು ನೋಡಿದ್ರು, ಹೋಗಲಿಲ್ಲ.

ಚೆನ್ನಾಗಿ ನಡೆದ ಕಾಲದಲ್ಲೂ ಅವರದ್ದು ವರ್ಷಕ್ಕೆ ಆರೇಳು ನೂರು ಕಾರು. 1914ರ ಹೊತ್ತಿಗೆ ಫೋರ್ಡ್ ವರ್ಷಕ್ಕೆ 2 ಲಕ್ಷಕ್ಕೂ ಮೇಲೆ. ಇವರಿಗೆ ಜಾಹೀರಾತು ಅಂದ್ರೆ ದಂಡ, ಒಳ್ಳೇ ಕಾರು ತಾನೇ ಮಾರಾಟ ಆಗುತ್ತೆ ಅನ್ನೋ ನಂಬಿಕೆ. ಸಾಲ ಇಲ್ಲ, ಹೂಡಿಕೆದಾರರ ಕಾಟ ಇಲ್ಲ. ಫೋಟೋ ಫಲಕದ ದುಡ್ಡು ಬ್ಯಾಂಕಲ್ಲಿ. ಹಸಿವಿದ್ದವನು ಸ್ಟಾರ್ಟರ್ ಬಂದ ದಿನವೇ ಎದ್ದು ಕೂರ್ತಿದ್ದ. ಇವರು ಪಿಟೀಲು ಮಾಡ್ತಾ ಕೂತಿದ್ರು. ನಿಜವಾಗಲೂ ಪಿಟೀಲು! ಎಫ್.ಓ. ಹುಡುಗನಾಗಿದ್ದಾಗಲೇ ಪಿಟೀಲು ಮಾಡಿದ್ದವನು, ಮನೆಯವರೆಲ್ಲ ಸೇರಿ ಆಮೇಲೆ ಅದನ್ನೂ ಒಂದು ಸಣ್ಣ ವ್ಯಾಪಾರ ಮಾಡ್ಕೊಂಡ್ರು. ನನಗೆ ಇವರ ಮೇಲೆ ಕೋಪ ಇಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಇದೆ.

1917ರಲ್ಲಿ ಇಬ್ಬರೂ ನಿವೃತ್ತರಾದ್ರು, ಕಂಪನಿ ಎಫ್.ಇ.ಯ ಅಳಿಯ ಪ್ರೆಸ್ಕಾಟ್ ವಾರನ್ ಕೈಗೆ ಬಂತು. 1918ರ ಜುಲೈ ಕೊನೇ ದಿನ ಮ್ಯಾಸಚೂಸೆಟ್ಸ್‌ನ ವೆನ್‌ಹ್ಯಾಮ್ ಹತ್ತಿರ ಎಫ್.ಇ. ಒಬ್ಬನೇ ಕಾರಲ್ಲಿ ಬರ್ತಿದ್ದ. ಏರು ದಾಟಿದ ಕೂಡಲೇ ಎದುರಿಗೆ ಅಕ್ಕಪಕ್ಕ ಬರ್ತಿದ್ದ ಎರಡು ರೈತರ ಗಾಡಿ. ಅವರಿಗೆ ಗುದ್ದಬಾರದು ಅಂತ ತಿರುಗಿಸಿ ಸೌದೆ ರಾಶಿಗೆ ಹೊಡೆದ. ಉಳೀಲಿಲ್ಲ.

ಆಮೇಲಿನದ್ದು ಬೇಗ ಮುಗಿಯೋ ಕಥೆ. ಹೊಸಬರು ಕಾರಿನ ಹೊರಮೈಯನ್ನ ಪೆಟ್ರೋಲ್ ಕಾರಿನ ಥರವೇ ಮಾಡಿದ್ರು, ಬೆಲೆ ಏರಿಸಿದ್ರು. 1924ರ ಸ್ಟ್ಯಾನ್ಲಿ ಸೆಡಾನ್‌ಗೆ 3,950 ಡಾಲರ್, ಫೋರ್ಡ್ ಮಾಡೆಲ್ ಟಿ 500ಕ್ಕಿಂತ ಕಮ್ಮಿ. ಅದೇ ವರ್ಷ ಕಾರ್ಖಾನೆ ನಿಂತಿತು.

ಪಾಲಿಟೆಕ್ನಿಕ್ ಮೇಷ್ಟ್ರು:
ಒಪ್ಪೋದಿಲ್ಲ. ಹಸಿವಿದ್ದವನಿಗೂ ಉದಾಹರಣೆ ಇದೆಯಲ್ಲ. ಕ್ಯಾಲಿಫೋರ್ನಿಯಾದ ಏಬ್ನರ್ ಡೋಬಲ್. ಸ್ಟ್ಯಾನ್ಲಿಯ ಎಲ್ಲ ದೋಷ ತಿದ್ದಿದ. ಕೀಲಿ ತಿರುಗಿಸಿದ್ರೆ ಒಂದು ನಿಮಿಷದೊಳಗೆ ಹೊರಡ್ತಿತ್ತು, ನೀರು ಮತ್ತೆ ಮತ್ತೆ ಬಳಸ್ತಿತ್ತು, ಹಾವರ್ಡ್ ಹ್ಯೂಸ್‌ನಂಥ ಶ್ರೀಮಂತರು ಇಟ್ಕೊಂಡಿದ್ರು. ಆದ್ರೂ ಕೆಲವೇ ಹತ್ತಾರು ಕಾರು ಮಾಡಿ 1931ರ ಹೊತ್ತಿಗೆ ಮುಗೀತು. ಅಷ್ಟೆಲ್ಲ ಸರಿ ಮಾಡೋಕೆ ಹೋದ್ರೆ ಬೆಲೆ ಆಕಾಶಕ್ಕೆ. ಉಗಿ ಕಾರನ್ನ ಸಸ್ತಾ ಮಾಡಿದ್ರೆ ರಗಳೆ, ರಗಳೆ ತಪ್ಪಿಸಿದ್ರೆ ದುಬಾರಿ. ಪಿಟೀಲು ಬಾರಿಸಿದ್ರೂ ಬಾರಿಸದಿದ್ರೂ ಅಷ್ಟೇ.

ಹಳೇಗಾಡಿ:
ಡೋಬಲ್ ಮಾತು ತೆಗೆದು ಕಟ್ಟಿಹಾಕಿದ್ರಿ ಮೇಷ್ಟ್ರೇ. ಉಗಿಯ ಕೇಸು ಸೋತೆ ಅಂತ ಇಟ್ಕೊಳ್ಳಿ. ಆದರೆ ಉಗಿ ಸಾಯೋದು ಬೇರೆ, ಕಂಪನಿ ಸಾಯೋದು ಬೇರೆ. ವೈಟ್‌ನವರು ಪೆಟ್ರೋಲ್‌ಗೆ ಹೊರಳಿ ಬದುಕಿದ್ರಲ್ಲ, ಇವರು ಯಾಕೆ ಹೊರಳಲಿಲ್ಲ ಅನ್ನೋದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಮಲ್ಲೇಶ್ವರದ ಮಗಳು:
ನಿಮ್ಮ ಜಗಳ ಮುಂದುವರೀಲಿ. ನಾನು ಇವತ್ತು ಅಜ್ಜಿ ಟ್ರಂಕಲ್ಲಿ ಹುಡುಕಿದೆ. ತಗಡಿನ ಉದ್ದ ಪಟ್ಟಿ, ತುದೀಲಿ ಕೂದಲಿನಷ್ಟು ಸಣ್ಣ ತಂತಿ, ತುಕ್ಕು ಹಿಡಿದು ಅರ್ಧ ಮುರಿದಿದೆ. ಪಂಪ್ ಸ್ಟವ್ ಪಿನ್ನು ಇದೇ ತಾನೆ? ಡೆಲವೇರ್ ಅವರೇ, ಅಲ್ಲಿನ ಚಾಲಕರ ಹತ್ತಿರವೂ ಇಂಥದ್ದು ಇತ್ತಾ?

ಡೆಲವೇರ್ ಕನ್ನಡಿಗ:
ಇದೇ ಅಂತ ಹೇಳೋಕಾಗಲ್ಲ, ಆದರೆ ಅವರ ಅಂಗಿ ಜೇಬಲ್ಲಿ ಪೆನ್ನಿನ ಪಕ್ಕ ಒಂದು ತಂತಿ ಸಿಕ್ಕಿಸ್ಕೊಂಡಿದ್ರು. ಏನಿದು ಅಂತ ನಾನು ಕೇಳೋಕೆ ಮುಂಚೆ ಅಪ್ಪ ಕೈ ಸನ್ನೆಯಲ್ಲೇ ತೂತಿಗೆ ಚುಚ್ಚೋ ಹಾಗೆ ಮಾಡಿ ತೋರಿಸಿದ್ರು. ಅವರು ಜೋರಾಗಿ ನಕ್ಕು ತಲೆ ಆಡಿಸಿದ್ರು. ಅಪ್ಪನಿಗೆ ಇಂಗ್ಲಿಷ್ ಬರಲ್ಲ.